ದೆಹಲಿ ರಾಯಭಾರಿಯ ಜಗಲಿ

ಊರು ಮಿಕಿದಾದಿಗೆ ಕೊಟ್ಟ ಹುದ್ದೆ ಬರೀ ಹತ್ತು ಮನೆಗಳದ್ದು. ಹತ್ತು ಮನೆಯ ಜಗಳ, ಕೋಳಿ ಕಳವು, ಬೇಲಿಯ ತಕರಾರು ನೋಡಿಕೊಳ್ಳುವ ಹಿರಿಯನಿಗೆ ನಮ್ಮ ಕಡೆ ಬಲೋಜಿ ಅನ್ನುತ್ತಾರೆ. ಅಂದರೆ ರಾಯಭಾರಿ. ಹೆಸರು ಆನೆಯಷ್ಟು, ಕೆಲಸ ಇಲಿಯಷ್ಟು. ಬೇರೆ ಯಾರಾದರೂ ಆಗಿದ್ದರೆ ಕೆಲಸಕ್ಕೆ ತಕ್ಕಂತೆ ಹೆಸರನ್ನು ಕುಗ್ಗಿಸಿಕೊಳ್ಳುತ್ತಿದ್ದರು. ಮಿಕಿದಾದಿ ಹೆಸರಿಗೆ ತಕ್ಕಂತೆ ಕೆಲಸವನ್ನು ಹಿಗ್ಗಿಸಿಕೊಂಡ. ಹನ್ನೊಂದನೆಯ ಮನೆಯಾಗಿ ದೆಹಲಿಯನ್ನು ಸೇರಿಸಿಕೊಂಡ. ದೆಹಲಿಗೆ ಈ ವಿಷಯ ಗೊತ್ತಿರಲಿಲ್ಲ.

ಅವನ ತಪ್ಪು ಅಂತ ಪೂರ್ತಿ ಹೇಳುವ ಹಾಗೂ ಇಲ್ಲ. ನಮ್ಮ ನಂಗುಂಡೆ ಊರಿನ ಕೆಂಪು ಮಣ್ಣಿನಲ್ಲಿ ಬೆಳೆಯುವುದೆಲ್ಲ ಹಡಗು ಹತ್ತುವ ಜಾತಿ. ಎಳ್ಳು ಚೀನಾಕ್ಕೆ, ಗೇರುಬೀಜ ವಿಯೆಟ್ನಾಮಿಗೆ, ತೊಗರಿ ಇಂಡಿಯಾಕ್ಕೆ. ಊರಿಗೆ ಉಳಿಯುವುದು ಮರಗೆಣಸು ಮತ್ತು ಭಾಷಣ. ದೊಡ್ಡ ದೊಡ್ಡ ದೇಶದ ಮಂತ್ರಿಗಳು ನಮ್ಮ ದೊಡ್ಡ ಪಟ್ಟಣ ದಾರ್ ಎಸ್ ಸಲಾಮಿಗೆ ಬಂದು ಕೈಕುಲುಕುತ್ತಾರೆ, ನಾವೆಲ್ಲ ಒಡಹುಟ್ಟಿದವರು ಅನ್ನುತ್ತಾರೆ, ರೇಡಿಯೋದಲ್ಲಿ ಚಪ್ಪಾಳೆ ಕೇಳಿಸುತ್ತದೆ. ಆಮೇಲೆ ಯಾವುದೋ ಕಚೇರಿಯಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಬಾಗಿಲು ತೆರೆಯುತ್ತಾನೆ ಅಥವಾ ಹಾಕುತ್ತಾನೆ. ಇಲ್ಲಿ ನಮ್ಮ ಒಲೆ ಉರಿಯುತ್ತದೆ ಅಥವಾ ಉರಿಯುವುದಿಲ್ಲ. ಇಂಥ ಊರಿಗೆ ಆ ಬಾಗಿಲಿನ ಬಗ್ಗೆ ಶಾಸ್ತ್ರ ಹೇಳುವವನೊಬ್ಬ ಬೇಕೇ ಬೇಕಿತ್ತು.

ಮಿಕಿದಾದಿಗೆ ಇಂಡಿಯಾ ಹೇಗೆ ಗೊತ್ತು ಅಂದರೆ, ಪ್ರಾಯದಲ್ಲಿ ಅವನು ಲಿಂಡಿ ಪಟ್ಟಣದ ಧರಮ್‌ಸಿ ಸೇಠನ ಅಂಗಡಿಯಲ್ಲಿ ಮೂಟೆ ಹೊತ್ತಿದ್ದ. ಸೇಠನೂ ಹುಟ್ಟಿದ್ದು ಲಿಂಡಿಯಲ್ಲೇ, ಇಂಡಿಯಾವನ್ನು ಒಂದೇ ಒಂದು ಸಲ ನೋಡಿದ್ದ, ಅಲ್ಲಿ ಹೊಟ್ಟೆ ಕೆಟ್ಟು ಬೇಗ ವಾಪಸು ಬಂದಿದ್ದ. ಆದರೂ ಮಿಕಿದಾದಿಗೆ ಅಷ್ಟು ಸಾಕಾಗಿತ್ತು. ಮೇಲಾಗಿ ಊರಿನ ವಿಡಿಯೋ ಗುಡಿಸಲಿನಲ್ಲಿ ಸ್ವಾಹಿಲಿ ಮಾತು ಸೇರಿಸಿದ ಹಿಂದಿ ಸಿನಿಮಾಗಳನ್ನು ಒಂದೂ ಬಿಡದೆ ನೋಡಿದ್ದ. ಅವುಗಳಲ್ಲಿ ಅತ್ತೆ ಅಳುವುದನ್ನು ನೋಡಿ ಆ ದೇಶದ ಮನೋಭಾವ ಹೇಳಬಲ್ಲೆ ಅಂತ ಅವನ ನಂಬಿಕೆ. ಈಗ ಆ ನಂಬಿಕೆಯನ್ನು ನೆನೆಸಿಕೊಂಡರೆ ಅವನಿಗೇ ನಗು ಬರುತ್ತದೆ, ಆದರೆ ಆಗ ಅದನ್ನು ಹೇಳುವಾಗ ಗಡ್ಡ ನೀವಿಕೊಳ್ಳುತ್ತಿದ್ದ.

ಒಂದು ವರ್ಷ ತೊಗರಿಗೆ ಒಳ್ಳೆಯ ಬೆಲೆ ಬಂತು. ಎಲ್ಲರೂ ಮನೆಗೆ ಏನಾದರೂ ಮಾಡಿಸಿಕೊಂಡರು. ಮಿಕಿದಾದಿ ಜಗಲಿಯ ಮೇಲೆ ನೀಲಿ ತಗಡು ಹೊದಿಸಿದ, ತೊಲೆಗೆ ರೇಡಿಯೋ ನೇತುಹಾಕಿದ, ಎರಡು ಬೆಂಚು ಹಾಕಿಸಿದ. ದೆಹಲಿ ರಾಯಭಾರ ಕಚೇರಿ ಅಂತ ಊರೇ ಕರೆಯತೊಡಗಿತು.

ಅವನ ಹೆಂಡತಿ ಮ್ವಾನಾಹವಾ ಮಾತ್ರ ಅಂಗಳಕ್ಕಿಳಿದು ತಗಡನ್ನೂ ಮನೆಯ ಹುಲ್ಲು ಮಾಡನ್ನೂ ನೋಡಿದಳು. ಆಮೇಲೆ ಹೇಳಿದಳು.

"ನಾನು ಮಲಗೋ ಕಡೆ ಹುಲ್ಲು, ನೀನು ಮಾತಾಡೋ ಕಡೆ ತಗಡು. ಮಾತು ನೆನೀಬಾರ್ದು, ಹೆಂಡ್ತಿ ನೆನೀಬೋದು. ಆಗ್ಲಿ ಬಿಡು."

"ಮುಂದಿನ ವರ್ಷ ಒಳಗಡೆಗೂ ಹಾಕಿಸ್ತೀನಿ ಕಣೆ."

"ದೆಹಲಿಯವ್ರು ಹೇಳಿದ್ರಾ?" ಅಂದು ಒಳಗೆ ಹೋದಳು.

ಮುಂದಿನ ವರ್ಷ ದೆಹಲಿ ಬಾಗಿಲು ಹಾಕಿತು. ಅವರ ಹೊಲದಲ್ಲೇ ತೊಗರಿ ಉಕ್ಕಿತಂತೆ, ಹೊರಗಿನದು ಬೇಡವಂತೆ. ತೊಗರಿ ಮೂಟೆ ಮೂಟೆಯಾಗಿ ಮನೆಯಲ್ಲೇ ಕೂತಿತು. ಬೆಳಿಗ್ಗೆ ತೆಂಗಿನಹಾಲಿನಲ್ಲಿ ತೊಗರಿ, ಮಧ್ಯಾಹ್ನ ಉಗಾಲಿ ಮುದ್ದೆಯ ಜೊತೆ ತೊಗರಿ. ಮಕ್ಕಳು ಮಡಕೆಯ ಮುಚ್ಚಳ ತೆಗೆಯುವ ಸದ್ದು ಕೇಳಿದರೆ ಓಡಿಹೋಗುತ್ತಿದ್ದವು. ಮಿಕಿದಾದಿ ಜಗಲಿಯಲ್ಲಿ ಕೂತು, ದೆಹಲಿಯವರು ನಮ್ಮ ತಾಳ್ಮೆ ಪರೀಕ್ಷೆ ಮಾಡುತ್ತಿದ್ದಾರೆ ಅಂದ. ಹಾಗೂ ಹೀಗೂ ಬಾಗಿಲು ಮತ್ತೆ ತೆರೆಯಿತು. ನಾನು ಹೇಳಲಿಲ್ಲವೇ ಅಂದ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು.

ಊರಿನಲ್ಲಿ ಅವನನ್ನು ಮುಖಕ್ಕೆ ಮುಖ ಕೊಟ್ಟು ಗೇಲಿ ಮಾಡುತ್ತಿದ್ದವಳು ಸವೇರಿಯಾ ಕೊಂಬ ಒಬ್ಬಳೇ. ದಾರಿ ಬದಿಯಲ್ಲಿ ಅವಳದ್ದೊಂದು ಊಟದ ಮನೆ. ಚೀನಾದವರು ರಸ್ತೆ ಹಾಕಲು ಬಂದಾಗ ಅವಳ ಕೈಯ ಕೋಳಿ ತಿಂದು ಹೊಗಳಿದ್ದರು ಅನ್ನುವ ಒಂದೇ ಕಾರಣಕ್ಕೆ ಅವಳು ಎಳ್ಳಿನ ಪಕ್ಷ, ಚೀನಾ ಪಕ್ಷ. ಅವಳದ್ದು ನ್ಗೊನಿ ಬುಡಕಟ್ಟು, ಮಿಕಿದಾದಿಯದ್ದು ನ್ಗಿಂದೊ. ಅವಳ ಮುತ್ತಜ್ಜಂದಿರು ಇವನ ಮುತ್ತಜ್ಜಂದಿರ ಊರಿಗೆ ಈಟಿ ಹಿಡಿದು ನುಗ್ಗಿದ್ದವರು. ಆ ಹಗೆಯೇ ತಲೆಮಾರು ಕಳೆದು ನಗೆಯಾಗಿ ಉಳಿದಿದೆ. ಅದಕ್ಕೆ ನಾವು ಉತಾನಿ ಅನ್ನುತ್ತೇವೆ, ಗೇಲಿಯ ನಂಟು. ಗೇಲಿನೆಂಟರು ಏನಂದರೂ ಸಿಟ್ಟು ಮಾಡುವಂತಿಲ್ಲ. ತಲೆಯ ಮೇಲಿನ ಟೋಪಿ ಕಿತ್ತುಕೊಂಡರೆ ಸಕ್ಕರೆ ಕೊಟ್ಟು ಬಿಡಿಸಿಕೊಳ್ಳಬೇಕು. ಸಾವಿನ ಮನೆಯಲ್ಲಂತೂ ಅವರದ್ದೇ ದರ್ಬಾರು. ಸತ್ತವನನ್ನು ಆಡಿಕೊಳ್ಳುತ್ತಾರೆ, ಅಳುವವರನ್ನು ನಗಿಸುತ್ತಾರೆ, ಕಣ್ಣಿಗೆ ಬಿದ್ದದ್ದನ್ನು ಹೊತ್ತುಕೊಂಡು ಹೋಗುತ್ತಾರೆ. ಬೇಡ ಅನ್ನುವ ಹಕ್ಕು ಯಾರಿಗೂ ಇಲ್ಲ.

"ಏನಯ್ಯಾ ನನ್ನ ಗುಲಾಮ," ಅಂತ ಸವೇರಿಯಾ ದಾರಿಯಲ್ಲೇ ಕೂಗುತ್ತಿದ್ದಳು. "ಇವತ್ತು ದೆಹಲಿಯಿಂದ ಫೋನ್ ಬಂತಾ, ಇಲ್ಲ ನಿನ್ನ ನಂಬರ್ ಕಳ್ಕೊಂಡ್ರಾ?"

"ಗುಲಾಮ ಯಾರೇ? ನಿಮ್ಮಜ್ಜ ನಮ್ಮ ಮೇಕೆ ಕದಿಯೋಕೆ ಬಂದು, ಹೆಂಡ ಕುಡ್ದು, ನಮ್ಮ ಹಟ್ಟೀಲೇ ಮಲಗಿದ್ನಂತೆ. ಮೇಕೆಗಳೇ ಎಬ್ಸಿ ಕಳಿಸ್ದೋ ಅಂತೆ."

"ಅದಕ್ಕೇ ನೋಡು, ಅವತ್ತಿಂದ ಮೇಕೆಗಳಿಗೆ ನಿಮಗಿಂತ ಬುದ್ಧಿ ಜಾಸ್ತಿ," ಅನ್ನುವಳು. ಅಷ್ಟರಲ್ಲಿ ಅವನ ಟೋಪಿ ಅವಳ ತಲೆಯ ಮೇಲಿರುತ್ತಿತ್ತು.

ಇಷ್ಟರವರೆಗೆ ಎಲ್ಲ ನಗೆಚಾಟಿಕೆಯೇ. ಕೆಟ್ಟದ್ದು ಆದದ್ದು ಹೋದ ಹರಾಜಿನ ಕಾಲದಲ್ಲಿ.

ನಮ್ಮಲ್ಲಿ ಊರಿನ ತೊಗರಿಯೆಲ್ಲ ಸಹಕಾರ ಸಂಘದ ಗೋದಾಮಿಗೆ ಸೇರುತ್ತದೆ. ವ್ಯಾಪಾರಿಗಳು ಮುಚ್ಚಿದ ಲಕೋಟೆಯಲ್ಲಿ ಬೆಲೆ ಕಳಿಸುತ್ತಾರೆ. ಮಾವಿನ ಮರದ ಕೆಳಗೆ ಎಲ್ಲರ ಮುಂದೆ ಅದನ್ನು ಒಡೆದು ಓದುತ್ತಾರೆ. ರೈತರು ಕೈ ಎತ್ತಿದರೆ ಮಾರಾಟ, ಎತ್ತದಿದ್ದರೆ ಇಲ್ಲ. ಊರು ಒಪ್ಪಿದರೆ ಎಲ್ಲರದ್ದೂ ಹೋಗುತ್ತದೆ, ಊರು ಬೇಡ ಅಂದರೆ ಒಬ್ಬರದ್ದೂ ಹೋಗುವುದಿಲ್ಲ.

ಆ ದಿನ ಸಂಘದ ಕಾರ್ಯದರ್ಶಿ ಲುಂಗು ಎಲ್ಲಕ್ಕಿಂತ ಮೇಲಿನ ಬೆಲೆ ಓದಿದಾಗ ಜನರ ನಡುವೆ ಒಂದು ಗುಸುಗುಸು ಎದ್ದಿತು. ಬೆಲೆ ಚೆನ್ನಾಗಿಯೇ ಇತ್ತು. ಕೆಲವರ ಕೈ ಅರ್ಧ ಮೇಲೆ ಹೋಗಿಯೂ ಇತ್ತು. ಆದರೆ ಅಭ್ಯಾಸಬಲ, ಎಲ್ಲರೂ ತಿರುಗಿ ರಾಯಭಾರಿಯ ಮುಖ ನೋಡಿದರು.

ಸುಮ್ಮನೆ ಕೈ ಎತ್ತಿದ್ದರೆ ಮುಗಿದಿತ್ತು. ಇಷ್ಟು ಜನ ಒಟ್ಟಿಗೆ ತನ್ನ ಮುಖ ನೋಡುವಾಗ ಸುಮ್ಮನೆ ಕೈ ಎತ್ತುವುದು ಹೇಗೆ? ಮಿಕಿದಾದಿ ಎದ್ದು ನಿಂತ. ಗಡ್ಡ ನೀವಿಕೊಂಡ.

"ಅವಸರ ಯಾಕ್ರಪ್ಪಾ?" ಅಂದ. "ಇನ್ನೇನು ಅವ್ರ ದೀಪದ ಹಬ್ಬ ಬಂತು. ನಾನು ಸೇಠನ ಮನೇಲಿ ಕಣ್ಣಾರೆ ಕಂಡಿದೀನಿ. ಹಬ್ಬ ಅಂದ್ರೆ ಹೋಳಿಗೆ, ಹೋಳಿಗೆ ಅಂದ್ರೆ ತೊಗರಿ. ಸೇಠನ ಹೆಂಡ್ತಿ ರತನ್‌ಬಾಯಿ ಹಂಡೆ ಹಂಡೆ ಬೇಳೆ ಬೇಯಿಸಿ, ಬೆಲ್ಲ ಹಾಕಿ, ರುಬ್ಬಿ, ನಂಗೂ ಎರಡು ಕೊಟ್ಟಿದ್ಲು. ಒಂದು ಮನೆಗೇ ಅಷ್ಟು ಬೇಕಾದ್ರೆ ಆ ದೇಶಕ್ಕೆ ಎಷ್ಟು ಬೇಕಾಗ್ಬೋದು ನೀವೇ ಯೋಚ್ನೆ ಮಾಡಿ. ಬೆಲೆ ಏರುತ್ತೆ. ಕಾಯೋಣ."

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಕು ಅನ್ನುತ್ತಾರೆ. ಆದರೆ ಅಗುಳು ಅದೇ ಮಡಕೆಯದ್ದಾಗಿರಬೇಕು. ಲಿಂಡಿಯ ಒಂದು ಅಡುಗೆಮನೆಯ ಹೋಳಿಗೆ ಹಿಡಿದುಕೊಂಡು ಮಿಕಿದಾದಿ ಸಮುದ್ರದಾಚೆಯ ದೇಶದ ಹಸಿವನ್ನು ಅಳೆದುಬಿಟ್ಟ.

ಸವೇರಿಯಾ ಹಿಂದಿನಿಂದ ಕೂಗಿದಳು. "ಲೋ ಗುಲಾಮಾ, ಹಬ್ಬ ಇನ್ನೇನು ಬಂತು ಅಂತೀಯ, ನಮ್ಮ ಮೂಟೆ ಇನ್ನೂ ಇಲ್ಲೇ ಬಿದ್ದೈತೆ. ಹಡಗಲ್ಲಿ ಹೋಗುತ್ತೋ, ರೆಕ್ಕೆ ಕಟ್ಕೊಂಡು ಹಾರುತ್ತೋ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೇಲಿನೆಂಟರ ಮಾತಿಗಿರುವ ತೊಡಕು ಇದೇ. ಅವರು ನಿಜ ಹೇಳಿದರೂ ಜನ ನಕ್ಕು ಸುಮ್ಮನಾಗುತ್ತಾರೆ. ಮಿಕಿದಾದಿಯೂ ನಕ್ಕ, ಎಲ್ಲರಿಗಿಂತ ಜೋರಾಗಿ ನಕ್ಕ.

ನಗದೆ ಕೂತಿದ್ದವಳು ಅವನ ತಂಗಿ ಸೊಮೊಯೆ. ಗಂಡ ತೀರಿಕೊಂಡ ಮೇಲೆ ಅವಳು ಮೂರು ಮಕ್ಕಳ ಜೊತೆ ಅಣ್ಣನ ಮನೆಯ ಎದುರಿನಲ್ಲೇ ಇದ್ದಳು. ಮಾಡಿನ ಹುಲ್ಲು ಕೊಳೆತು, ಮಲಗಿದಲ್ಲಿಂದ ಆಕಾಶ ಕಾಣುತ್ತಿತ್ತು. ಈ ವರ್ಷದ ತೊಗರಿಯಲ್ಲಿ ತಗಡು ಹಾಕಿಸಬೇಕೆಂದು ಹೊಲದ ಮರಗೆಣಸು ಕಿತ್ತು ಎಲ್ಲ ಕಡೆ ತೊಗರಿ ಹಾಕಿದ್ದಳು. ಹಾಕು ಅಂದವನೂ ಅಣ್ಣನೇ.

"ಅಣ್ಣಾ," ಅಂದಳು ಹತ್ತಿರ ಬಂದು, "ನೀನು ಹೇಳೋದಾದ್ರೆ ನಾನೂ ಎತ್ತಲ್ಲ. ಮಳೆಗೆ ಮುಂಚೆ ತಗಡು ಬಂದ್ರೆ ಸಾಕು ನಂಗೆ."

"ತಗಡೇನು ತಂಗಿ, ಬಾಗಿಲಿಗೆ ಬಣ್ಣನೂ ಹೊಡಿಸ್ತೀಯ ನೋಡ್ತಿರು."

ಊರು ಕೈ ಕೆಳಗಿಳಿಸಿತು.

ಮುಂದಿನ ಹರಾಜಿನಲ್ಲಿ ಬೆಲೆ ಇಳಿದಿತ್ತು. ಇಂಡಿಯಾದಲ್ಲಿ ಮಳೆ ಚೆನ್ನಾಗಿ ಆಗಿದೆ, ಹೊಲದಲ್ಲಿ ಬೆಳೆ ನಿಂತಿದೆ, ವ್ಯಾಪಾರಿಗಳ ಗೋದಾಮು ತುಂಬಿದೆ ಅಂತ ಲುಂಗು ಹೇಳಿದ. ಹೋದ ಸಲ ಅಷ್ಟಿದ್ದದ್ದನ್ನು ಬಿಟ್ಟು ಈಗ ಇಷ್ಟಕ್ಕೆ ಕೊಡುವುದೇ ಅಂತ ಊರಿಗೆ ರೋಷ ಬಂತು, ಮತ್ತೆ ಬೇಡ ಅಂದರು. ಅದರ ಮುಂದಿನ ಹರಾಜಿಗೆ ಲಕೋಟೆಯೇ ಬರಲಿಲ್ಲ. ಮಾವಿನ ಮರದ ಕೆಳಗೆ ಲುಂಗು ಕುರ್ಚಿ ಹಾಕಿಕೊಂಡು ಕೂತ, ನಾವು ಅವನ ಮುಖ ನೋಡಿದೆವು, ಅವನು ನಮ್ಮ ಮುಖ ನೋಡಿದ, ಆಮೇಲೆ ಕುರ್ಚಿ ಮಡಚಿಕೊಂಡು ಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ವರ್ಷ ಅದೃಷ್ಟ ನೆಟ್ಟಗಿದ್ದದ್ದು ಎಳ್ಳು ಬೆಳೆದ ನಾಲ್ಕು ಮನೆಯವರದ್ದು ಮಾತ್ರ.

ಯಾರೂ ಮಿಕಿದಾದಿಯನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಉಪಕಾರವಾಗುತ್ತಿತ್ತು. ಬೈಗುಳಕ್ಕೆ ಉತ್ತರ ಕೊಡಬಹುದು, ಉತ್ತರ ಕೊಡುವುದರಲ್ಲಿ ಅವನದ್ದು ಎತ್ತಿದ ಕೈ. ಆದರೆ ಚಿಕ್ಕವರು ಹಿರಿಯನಿಗೆ ಹೇಳಲೇಬೇಕಾದ ನಮಸ್ಕಾರವನ್ನು ನಡೆಯುತ್ತಲೇ ಹೇಳಿ ಹೋಗತೊಡಗಿದರು. ಅವನು 'ಮರಹಬಾ' ಅಂತ ಆಶೀರ್ವಾದ ಮಾಡುವಷ್ಟರಲ್ಲಿ ಎದುರಿಗೆ ಬೆನ್ನು ಮಾತ್ರ ಇರುತ್ತಿತ್ತು. ಜಗಲಿಯ ಬೆಂಚಿನ ಮೇಲೆ ಕೋಳಿಗಳು ಕೂರತೊಡಗಿದವು. ರೇಡಿಯೋ ಹಾಕಿದರೆ ಯಾವುದೋ ಎರಡು ದೇಶಗಳು ಅಣ್ಣತಮ್ಮಂದಿರಾಗುವ ಸುದ್ದಿ ಬರುತ್ತಿತ್ತು. ಆರಿಸಿಬಿಡುತ್ತಿದ್ದ.

ತಾನೂ ಕೆಟ್ಟು ವನವನ್ನೆಲ್ಲ ಕೆಡಿಸಿದ ಕೋತಿ ನಾನೇ ಅಂದುಕೊಂಡ. ಆಮೇಲೆ ಅದೂ ಜಂಬದ ಮಾತೇ ಅನ್ನಿಸಿತು, ಕೋತಿಗಾದರೂ ಮರ ಹತ್ತಲು ಬರುತ್ತದೆ. ಊರಿನವರದ್ದು ಹೇಗೋ ನಡೆಯುತ್ತಿತ್ತು. ಅವನ ನಿದ್ದೆ ಕೆಡಿಸಿದ್ದು ಎದುರುಮನೆಯ ಮಾಡು. ದಿನವೂ ಎದ್ದ ಕೂಡಲೆ ಅದೇ ಕಣ್ಣಿಗೆ ಬೀಳುತ್ತಿತ್ತು. ತನ್ನ ತಲೆಯ ಮೇಲಿನ ನೀಲಿ ತಗಡು ಬಿಸಿಲಿಗೆ ಟಣ್ ಟಣ್ ಅನ್ನುತ್ತಿತ್ತು.

ಕೊನೆಗೆ ಒಂದು ದಿನ ಸೊಮೊಯೆಯ ಬಾಗಿಲಿಗೆ ಹೋದ.

"ನನ್ನ ಜಗಲಿ ತಗಡು ಬಿಚ್ಚಿಸ್ತೀನಿ. ನಿನ್ನ ಮನೆಗೆ ಸರಿಹೋಗುತ್ತೆ."

ಸೊಮೊಯೆ ತೊಗರಿ ಆರಿಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. "ಅಣ್ಣನ ಮನೆ ಬಿಚ್ಚಿ ನನ್ನ ಮನೆ ಮುಚ್ಕೊಂಡೆ ಅಂತ ಊರು ಆಡ್ಕೊಳ್ಳೋದು ಬೇಡ. ಅತ್ತಿಗೆ ಏನಂದ್ಕೋತಾರೆ?"

"ಅವ್ಳೇ ಹೇಳಿ ಕಳ್ಸಿದ್ದು."

"ಆದ್ರೂ ಬೇಡ. ಕೈ ಎತ್ತದೇ ಇದ್ದಿದ್ದು ನಾನು. ಯಾರೂ ಕಟ್ಟಿ ಹಾಕಿರ್ಲಿಲ್ಲ."

ಅವಳು ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದ. ಮೆಲ್ಲಗೆ ಹೇಳಿದಳು. ಮಿಕಿದಾದಿ ವಾಪಸು ಬಂದು ಜಗಲಿಯ ಮೇಲೆ ಕೋಳಿಗಳ ಪಕ್ಕದಲ್ಲಿ ಕೂತ. ಅವನಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚು ದುಃಖವಾಗಿತ್ತು. ಅಂದಿನಿಂದ ಮನೆ ಬಿಟ್ಟು ಹೊರಡುವುದನ್ನೇ ನಿಲ್ಲಿಸಿದ. ಸವೇರಿಯಾ ಎರಡು ಸಲ ದಾರಿಯಿಂದ ಕೂಗಿದಳು. ಅವನು ಮರುಮಾತಾಡಲಿಲ್ಲ. ಗೇಲಿನೆಂಟರಿಗೆ ಉತ್ತರ ಕೊಡದವನು ನಮ್ಮಲ್ಲಿ ಒಂದೋ ಕಾಯಿಲೆ ಬಿದ್ದಿರಬೇಕು, ಇಲ್ಲ ಸತ್ತಿರಬೇಕು.

ಸವೇರಿಯಾ ಎರಡನೆಯದನ್ನು ಆರಿಸಿಕೊಂಡಳು. ದೂರದಲ್ಲಿ ಮೊದಲ ಗುಡುಗು ಕೇಳಿಸಿದ ದಿನ ಬೆಳಿಗ್ಗೆ, ಊರಿನ ದಾರಿಯ ತುಂಬ ಹೆಂಗಸರ ಗೋಳಾಟ ಕೇಳಿಸಿತು. ಮಿಕಿದಾದಿ ಗಾಬರಿಯಾಗಿ ಯಾರು ಹೋದರಪ್ಪಾ ಅಂತ ಬಾಗಿಲಿಗೆ ಬಂದ. ಸವೇರಿಯಾ ಎದೆ ಬಡಿದುಕೊಳ್ಳುತ್ತಾ ಮುಂದೆ ಬರುತ್ತಿದ್ದಳು. ಹಿಂದೆ ಊರಿನ ಅರ್ಧ ಹೆಂಗಸರು, ಅವರ ಹಿಂದೆ ಗಂಡಸರು. ಎಲ್ಲರೂ ನೇರ ಅವನ ಅಂಗಳಕ್ಕೇ ಬಂದರು.

"ಅಯ್ಯೋ, ಹೋಗ್ಬಿಟ್ನಲ್ಲಾ ನಮ್ಮ ರಾಯಭಾರಿ," ಅಂತ ಸವೇರಿಯಾ ರಾಗ ಎಳೆದಳು. "ಮ್ವಾನಾಹವಾ, ಚಾಪೆ ತಾರೇ. ಹೆಣ ನಿಂತ್ಕೊಂಡೈತೆ, ನೋಡೋಕಾಗಲ್ಲ."

ಮ್ವಾನಾಹವಾ ಚಾಪೆ ತಂದಳು. ಎಷ್ಟು ಬೇಗ ತಂದಳೆಂದರೆ, ಬಾಗಿಲ ಹಿಂದೆಯೇ ಸುತ್ತಿ ಇಟ್ಟುಕೊಂಡಿರಬೇಕು. ನಾಲ್ಕು ಜನ ಹೆಂಗಸರು ಮಿಕಿದಾದಿಯನ್ನು ಹಿಡಿದು ಮಲಗಿಸಿದರು. ಕುತ್ತಿಗೆಯವರೆಗೆ ಒಂದು ಹಳೆಯ ಬಟ್ಟೆ ಹೊದಿಸಿದರು.

"ಲೇ, ನಾನು ಬದುಕಿದೀನಿ ಕಣ್ರೇ," ಅಂದ.

"ಇಷ್ಟು ದಿನ ಮಾತಾಡ್ಲಿಲ್ಲ, ಈಗ ಮಾತಾಡ್ತಾನೆ. ಬದುಕಿದ್ದಾಗ್ಲೂ ಹಿಂಗೇ, ಹೊತ್ತಲ್ಲದ ಹೊತ್ತಲ್ಲಿ ಬಾಯಿ ಬಿಡ್ತಿದ್ದ," ಅಂದಳು ಸವೇರಿಯಾ. ಜನ ನಕ್ಕರು. ಆ ಅಂಗಳದಲ್ಲಿ ನಗು ಕೇಳಿ ಎಷ್ಟೋ ದಿನವಾಗಿತ್ತು.

ಆಮೇಲೆ ಅವಳು ತಲೆಯ ಬಳಿ ಕುಕ್ಕರುಗಾಲಿನಲ್ಲಿ ಕೂತು ಸತ್ತವನ ಗುಣಗಾನ ಶುರುಮಾಡಿದಳು.

"ಎಂಥಾ ಮನುಷ್ಯ ಇವ್ನು. ದೆಹಲಿ ಅಡುಗೆಮನೇಲಿ ಏನು ಬೇಯ್ತೈತೆ ಅಂತ ಇಲ್ಲಿಂದ್ಲೇ ಮೂಸಿ ಹೇಳ್ತಿದ್ದ. ತನ್ನ ಹೆಂಡ್ತಿ ಒಲೆ ಆರೋದು ಮಾತ್ರ ತಿಳೀತಿರ್ಲಿಲ್ಲ. ಎರಡು ಹೋಳಿಗೆ ತಿಂದ್ಬಿಟ್ಟು ಒಂದು ದೇಶನೇ ನುಂಗ್ದೋನಂಗೆ ತೇಗಿದ. ಅಯ್ಯೋ ಗುಲಾಮಾ, ಇನ್ಮೇಲೆ ನಮ್ಗೆ ತಪ್ಪು ದಾರಿ ತೋರ್ಸೋರು ಯಾರೋ?"

"ನೀನಿದೀಯಲ್ಲ," ಅಂತ ಹೆಣ ಹೇಳಿತು.

ನಗು ಇನ್ನೂ ಜೋರಾಯಿತು. ಲುಂಗು ಕೂಡ ನಕ್ಕ. ಎದುರುಮನೆಯ ಬಾಗಿಲಲ್ಲಿ ಸೊಮೊಯೆ ಮಕ್ಕಳನ್ನು ಹಿಡಿದುಕೊಂಡು ನಿಂತಿದ್ದಳು. ಅವಳ ತುಟಿಯ ತುದಿಯೂ ಅಲುಗಿದ್ದನ್ನು ಮಿಕಿದಾದಿ ಮಲಗಿದಲ್ಲಿಂದಲೇ ಕಂಡ.

ಸವೇರಿಯಾ ಎದ್ದು ನಿಂತಳು. ಸೊಂಟಕ್ಕೆ ಬಟ್ಟೆ ಬಿಗಿದಳು.

"ಸರಿ. ಸಾವಿನ ಮನೆಗೆ ಬಂದಿದೀನಿ, ಬರಿಗೈಲಿ ಹೋಗೋಳಲ್ಲ ನಾನು. ನನ್ನ ಪಾಲು ನಂಗೆ ಬೇಕು." ಮನೆಯನ್ನೆಲ್ಲ ಒಂದು ಸುತ್ತು ನೋಡಿದಳು, ಸಂತೆಯಲ್ಲಿ ಮೇಕೆ ನೋಡುವ ಹಾಗೆ. "ಈ ರೇಡಿಯೋ ಬೇಡ, ಸುಳ್ಳು ಹೇಳುತ್ತೆ. ಕೋಳಿ ಬೇಡ, ಇವ್ನ ಭಾಷಣ ಕೇಳಿ ಸೊರಗಿದಾವೆ. ಹಾಂ, ಆ ನೀಲಿ ತಗಡು. ಅದು ನಂದು. ಹತ್ರಪ್ಪಾ ಮೇಲೆ."

ಇಬ್ಬರು ಆಗಲೇ ಏಣಿ ತಂದಿದ್ದರು. ಮಿಕಿದಾದಿ ಬೇಡ ಅನ್ನುವಂತಿರಲಿಲ್ಲ, ಅನ್ನುವ ಮನಸ್ಸೂ ಇರಲಿಲ್ಲ. ಚಾಪೆಯ ಮೇಲೆ ಅಂಗಾತ ಮಲಗಿ, ತನ್ನ ರಾಯಭಾರ ಕಚೇರಿಯ ಮಾಡು ಹಾಳೆ ಹಾಳೆಯಾಗಿ ಕಳಚುವುದನ್ನೂ ಅದರ ಹಿಂದಿನಿಂದ ಮೋಡ ತುಂಬಿದ ಆಕಾಶ ಕಾಣಿಸುವುದನ್ನೂ ನೋಡಿದ.

ತಗಡುಗಳು ಕೆಳಗೆ ಬಂದ ಮೇಲೆ ಸವೇರಿಯಾ ಅವುಗಳ ಮೇಲೆ ಕೈಯಾಡಿಸಿದಳು. "ಇದನ್ನ ನನ್ನ ಊಟದ ಮನೆವರ್ಗೂ ಯಾರು ಹೊರ್ತಾರೆ? ಸೊಂಟ ಬಿದ್ದೋಗುತ್ತೆ." ಆಮೇಲೆ ಅಂಗಳದ ಆಚೆ ನೋಡಿ ಕೂಗಿದಳು. "ಸೊಮೊಯೆ, ನನ್ನ ತಗಡು ನಿನ್ನ ಮಾಡಿನ ಮೇಲೆ ಇಟ್ಟಿರ್ತೀನಿ. ನನಗೆ ಬೇಕಾದಾಗ ತಗೊಂಡು ಹೋಗ್ತೀನಿ. ನೀನೂ ನ್ಗಿಂದೊ ತಾನೆ, ನಂಗೆ ಇಲ್ಲ ಅನ್ನೋ ಹಾಗಿಲ್ಲ."

ಸೊಮೊಯೆ ಹೊಸ್ತಿಲು ದಾಟಿ ಬಂದು ತಗಡನ್ನು ನೋಡಿದಳು. ಗೇಲಿನಂಟಿನ ಕಟ್ಟಳೆ ಅವಳಿಗೂ ಗೊತ್ತು. ಅಣ್ಣ ಕೊಟ್ಟರೆ ಬೇಡ ಅನ್ನಬಹುದು. ಗೇಲಿನೆಂಟರು ಸಾವಿನ ಮನೆಯಿಂದ ಎತ್ತಿದ್ದನ್ನು ತಂದಿಟ್ಟರೆ ಬೇಡ ಅನ್ನಲು ಅವಳು ಯಾರು? ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ, ಎರಡೂ ಇರಬೇಕು. ಆಗ ಮಿಕಿದಾದಿ ಹೊದಿಕೆ ಒದ್ದು ಎದ್ದ. ಸತ್ತವನು ಏಣಿ ಹೊತ್ತುಕೊಂಡು ತಂಗಿಯ ಮನೆಗೆ ಹೋಗುವುದನ್ನು ನಂಗುಂಡೆ ಅವತ್ತೇ ಮೊದಲು ನೋಡಿದ್ದು.

ಸಂಜೆ ಮಳೆ ಹೊಯ್ಯಿತು. ಮಾಡಿಲ್ಲದ ಜಗಲಿಯಲ್ಲಿ ಬೆಂಚು, ಕೋಳಿ, ರೇಡಿಯೋ ಎಲ್ಲ ತೊಯ್ದವು. ಮಿಕಿದಾದಿ ರೇಡಿಯೋವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು, ಮ್ವಾನಾಹವಾಳ ಹಿಂದೆ ಎದುರುಮನೆಗೆ ಓಡಿದ. ಒಳಗೆ ಸೊಮೊಯೆಯ ಮಕ್ಕಳು, ಸವೇರಿಯಾ, ಲುಂಗು ಎಲ್ಲ ಒತ್ತಿಕೊಂಡು ಕೂತಿದ್ದರು. ತಲೆಯ ಮೇಲೆ ಮಳೆ ತಗಡಿಗೆ ಬಡಿಯುತ್ತಿತ್ತು, ಒಂದು ಹನಿಯೂ ಕೆಳಗೆ ಬೀಳುತ್ತಿರಲಿಲ್ಲ.

"ಸತ್ತೋನು ಊಟಕ್ಕೆ ಬಂದ," ಅಂದಳು ಸವೇರಿಯಾ.

"ಕೂತ್ಕೋ ಅಣ್ಣಾ," ಅಂತ ಸೊಮೊಯೆ ಒರೆಸಿಕೊಳ್ಳಲು ಬಟ್ಟೆ ಕೊಟ್ಟಳು. ತೆಂಗಿನಹಾಲಿನಲ್ಲಿ ಬೇಯಿಸಿದ ತೊಗರಿಯನ್ನು ತಟ್ಟೆಗೆ ಹಾಕಿದಳು. ಮಾರಾಟವಾಗದ ತೊಗರಿ ಎಲ್ಲರ ಮನೆಯಲ್ಲೂ ಬೇಕಾದಷ್ಟಿತ್ತು.

ಅಲುಗಾಡಿ ಗುಂಡಿ ತಿರುಗಿತೋ ಏನೋ, ಅಂಗಿಯೊಳಗಿನ ರೇಡಿಯೋ ಅಷ್ಟರಲ್ಲಿ ಬಾಯಿಬಿಟ್ಟಿತು. ಇಂಡಿಯಾದವರು ಬಾಗಿಲನ್ನು ಇನ್ನೊಂದು ವರ್ಷ ತೆರೆದೇ ಇಡುತ್ತಾರಂತೆ, ನಮ್ಮ ನಿಮ್ಮ ಸ್ನೇಹ ಬಹಳ ಹಳೆಯದಂತೆ. ಎಲ್ಲರೂ ಮತ್ತೆ, ಅಭ್ಯಾಸಬಲ, ಮಿಕಿದಾದಿಯ ಮುಖ ನೋಡಿದರು. ಅವನ ಕೈ ತನ್ನಷ್ಟಕ್ಕೆ ತಾನೇ ಗಡ್ಡದವರೆಗೆ ಹೋಯಿತು. ಅಲ್ಲಿಂದ ಇಳಿದು ತಟ್ಟೆಗೆ ಬಂತು.

"ಮುಂದಿನ ಸಲ ಕೈ ಯಾವಾಗ ಎತ್ಬೇಕಣ್ಣಾ?" ಅಂತ ಸೊಮೊಯೆ ಕೇಳಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅವಳು ಇನ್ನೂ ತನ್ನನ್ನೇ ಕೇಳುತ್ತಿದ್ದಾಳಲ್ಲ ಅನ್ನಿಸಿ ಮಿಕಿದಾದಿ ತಟ್ಟೆ ಕೆಳಗಿಟ್ಟ.

"ಈ ಸವೇರಿಯಾ ಏನು ಗೇಲಿ ಮಾಡ್ತಾಳೋ ಕೇಳ್ಕೊಂಡು ಎತ್ತು," ಅಂದ. "ನಗೋ ಕೆಲ್ಸ ನಂಗೆ ಬಿಡು."

ಸವೇರಿಯಾ ಕೇಳಿಸದವಳ ಹಾಗೆ ಕೈ ಚಾಚಿ ಅವನ ಒದ್ದೆ ಟೋಪಿಯನ್ನು ಕಿತ್ತುಕೊಂಡಳು, ಬಾಗಿಲಾಚೆ ಹಿಂಡಿದಳು, ತನ್ನ ತಲೆಗೆ ಇಟ್ಟುಕೊಂಡು ಊಟ ಮುಂದುವರಿಸಿದಳು. ಸಕ್ಕರೆ ಕೇಳಲಿಲ್ಲ.